ಹೊಸ ಪೀರಿಯಡ್ ಬೇಡ, ಇರುವ ಪಾಠಕ್ಕೇ ನಿಜವಾದ ಕಾಗದ ತನ್ನಿ

ಪ್ರಶ್ನೆ: ಮೇಡಂ, ನನ್ನ ಮಗ ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 571 ಅಂಕ ತೆಗೆದ. ಪಿಯುಸಿ ಫೀಸ್ ಕಟ್ಟಲು ಬ್ಯಾಂಕಿಗೆ ಕಳಿಸಿದರೆ ಚಲನ್ ತುಂಬಲು ಬರಲಿಲ್ಲ, ಯಾರದೋ ಕೈಲಿ ಬರೆಸಿಕೊಂಡು ಬಂದ. ಆಮೇಲೆ ಫೋನಿನಲ್ಲಿ ಯಾರೋ ‘ಸ್ಕಾಲರ್‌ಶಿಪ್ ದುಡ್ಡು ಬಂದಿದೆ, ಪಿನ್ ಹಾಕು’ ಅಂದದ್ದಕ್ಕೆ ಪಿನ್ ಒತ್ತಿ 4,000 ರೂಪಾಯಿ ಕಳೆದುಕೊಂಡ. ನಾಲ್ಕು ದಿನ ನಮಗೆ ಹೇಳಲೂ ಇಲ್ಲ. ನಾನು ನಮ್ಮೂರ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ಮಗಳು ಅಲ್ಲೇ ಎಂಟನೇ ತರಗತಿ. ಬದುಕಿಗೆ ಬೇಕಾದ್ದನ್ನು ಕಲಿಸುವ ಒಂದು ತರಗತಿ ಶುರು ಮಾಡಿ ಅಂದರೆ, ಪೋರ್ಷನ್ ಮುಗಿಸೋಕೇ ಟೈಮ್ ಇಲ್ಲ ಅಂತಾರೆ ಶಿಕ್ಷಕರು. ಏನು ಕಲಿಸಬೇಕು? ಯಾವಾಗ ಕಲಿಸಬೇಕು?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಮಗನ ವಿಷಯ ನೋಡೋಣ. ಇನ್ನೂ ದೂರು ಕೊಟ್ಟಿಲ್ಲ ಅಂದರೆ ಇವತ್ತೇ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ಸಹಾಯವಾಣಿ. ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ. ದುಡ್ಡು ಕಳ್ಳರ ಖಾತೆಯಿಂದ ಹೊರಗೆ ಹೋಗುವ ಮುಂಚೆ ತಡೆಹಿಡಿಯಲು ಸಾಧ್ಯವಾದರೆ ಮಾತ್ರ ವಾಪಸ್ ಸಿಗುವ ದಾರಿ ಇರುತ್ತದೆ. ಅದಕ್ಕೇ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ತಡವಾಗಿದ್ದರೂ ದೂರು ಕೊಡಿ, ಆ ನಂಬರು, ಆ ಖಾತೆ ದಾಖಲಾಗಲಿ. ಮಗನಿಗೆ ಬೈಯಬೇಡಿ. ಅವನು ನಾಲ್ಕು ದಿನ ಹೇಳದೆ ಇದ್ದದ್ದು ಬೈತಾರೆ ಅನ್ನುವ ಭಯಕ್ಕೆ. ಕಳ್ಳರಿಗೆ ಬೇಕಾದ್ದೂ ಆ ನಾಲ್ಕು ದಿನವೇ.

ಈಗ ಶಾಲೆಯ ಮಾತು. ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿದವಳು. ಆಮೇಲೆ ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡಿದೆ. ನಿಮ್ಮ ಶಾಲೆಯ ಶಿಕ್ಷಕರು ಹೇಳುವುದು ಸುಳ್ಳಲ್ಲ, ನಿಜವಾಗಿಯೂ ಟೈಮ್ ಇಲ್ಲ. ‘ಜೀವನ ಕೌಶಲ’ ಅಂತ ವಾರಕ್ಕೊಂದು ಪೀರಿಯಡ್ ಇಟ್ಟರೆ ಏನಾಗುತ್ತದೆ ಅಂತ ಬಹಳ ಶಾಲೆಗಳಲ್ಲಿ ನೋಡಿದ್ದೇನೆ. ಜೂನ್, ಜುಲೈನಲ್ಲಿ ನಡೆಯುತ್ತದೆ. ದಸರಾ ರಜೆ ಮುಗಿದ ಮೇಲೆ ಆ ಪೀರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಅದಕ್ಕೊಂದು ಪುಸ್ತಕ ಬಂದರೆ ಇನ್ನೂ ಕಷ್ಟ. ‘ಜೀವನ ಕೌಶಲಗಳು ಯಾವುವು? ಪಟ್ಟಿ ಮಾಡಿ’ ಅಂತ ಪ್ರಶ್ನೆ ಬರುತ್ತದೆ. ಮಕ್ಕಳು ಬಾಯಿಪಾಠ ಮಾಡಿ ಐದಕ್ಕೆ ಐದು ಅಂಕ ತೆಗೆಯುತ್ತಾರೆ, ಚಲನ್ ತುಂಬಲು ಮಾತ್ರ ಬರುವುದಿಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟೇ: ಹೊಸ ಪಾಠ ಕೇಳಬೇಡಿ. ಈಗಿರುವ ಪಾಠಗಳಲ್ಲೇ ಬದುಕಿಗೆ ಬೇಕಾದ್ದು ಮುಕ್ಕಾಲು ಪಾಲು ಇದೆ. ಬಡ್ಡಿಯ ಲೆಕ್ಕ ಇದೆ, ಪತ್ರಲೇಖನ ಇದೆ, ವಿದ್ಯುತ್ ಪಾಠ ಇದೆ, ದೇಹದ ಪಾಠ ಇದೆ. ಪ್ರತಿ ಪಾಠ ಮುಗಿಯುವಾಗ ಅದಕ್ಕೆ ಸೇರಿದ ಒಂದು ನಿಜವಾದ ಕಾಗದವನ್ನೋ ನಿಜವಾದ ಕೆಲಸವನ್ನೋ ಮಕ್ಕಳ ಕೈಗೆ ಕೊಡಬೇಕು. ಅದಕ್ಕೆ ಒಂದು ತರಗತಿಯ ಸಮಯ ಸಾಕು.

ಬಡ್ಡಿಯ ಪಾಠದಿಂದಲೇ ಶುರು ಮಾಡೋಣ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಅದೇ.

ಮಕ್ಕಳಿಗೆ ಸೂತ್ರ ಗೊತ್ತಿರುತ್ತದೆ: ಅಸಲು, ದರ, ಕಾಲ ಗುಣಿಸಿ ನೂರರಿಂದ ಭಾಗಿಸು. ಹಾಗಾದರೆ ಈ ಲೆಕ್ಕ ಕೊಡಿ. ಒಬ್ಬ ಹುಡುಗ ಬೈಕ್ ತೆಗೆದುಕೊಳ್ಳಲು 60,000 ರೂಪಾಯಿ ಸಾಲ ಮಾಡುತ್ತಾನೆ. ಶೋರೂಮಿನಲ್ಲಿ ಕೂತವರು ‘ಬರೀ ಹತ್ತು ಪರ್ಸೆಂಟ್, ಫ್ಲಾಟ್ ರೇಟ್, ಎರಡು ವರ್ಷ’ ಅಂತಾರೆ. ಮಕ್ಕಳು ಐದು ನಿಮಿಷದಲ್ಲಿ ಲೆಕ್ಕ ಮಾಡುತ್ತಾರೆ. ಬಡ್ಡಿ 12,000, ಒಟ್ಟು 72,000, ತಿಂಗಳ ಕಂತು 3,000. ಸರಿಯಾದ ಉತ್ತರ. ಇಲ್ಲಿಗೆ ಪಾಠ ಮುಗಿಯಿತು ಅಂತ ಪುಸ್ತಕ ಮುಚ್ಚಿಬಿಡುತ್ತೇವೆ.

ಮುಚ್ಚಬೇಡಿ, ಇನ್ನೊಂದು ಪ್ರಶ್ನೆ ಕೇಳಿ. ಒಂದು ವರ್ಷ ಕಂತು ಕಟ್ಟಿದ ಮೇಲೆ ಅಸಲಿನಲ್ಲಿ ಎಷ್ಟು ತೀರಿತು? ಪ್ರತಿ ಕಂತಿನಲ್ಲಿ 500 ಬಡ್ಡಿ, 2,500 ಅಸಲು. ಹನ್ನೆರಡು ತಿಂಗಳಿಗೆ 30,000 ತೀರಿತು, ಅಂದರೆ ಅರ್ಧ ಸಾಲ ಮುಗಿಯಿತು. ಹಾಗಿದ್ದರೂ ಹದಿಮೂರನೇ ತಿಂಗಳು ಅವನು ಕಟ್ಟುವ ಬಡ್ಡಿ ಎಷ್ಟು? ಅದೇ 500. ಉಳಿದದ್ದು 30,000, ಬಡ್ಡಿ ಮಾತ್ರ ಇನ್ನೂ 60,000ದ ಮೇಲೆ! ಈ ಮಾತು ಮಕ್ಕಳಿಗೆ ತಟ್ಟಿದಾಗ ತರಗತಿಯೇ ಬೇರೆ ಆಗುತ್ತದೆ. ಹಿಂದಿನ ಬೆಂಚಿನ ಹುಡುಗರು ಎದ್ದು ಕೂರುತ್ತಾರೆ. ‘ಮೇಡಂ, ನಮ್ಮಣ್ಣನ ಗಾಡಿದೂ ಹಿಂಗೇ ಐತಿ’ ಅಂತ ಒಬ್ಬ ಹೇಳಿಯೇ ಹೇಳುತ್ತಾನೆ. ಉಳಿದ ಸಾಲಕ್ಕೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಇದೇ ಹತ್ತು ಪರ್ಸೆಂಟಿಗೆ ಕಂತು ಸುಮಾರು 2,769 ಆಗುತ್ತದೆ. ಎರಡು ವರ್ಷಕ್ಕೆ ಬಡ್ಡಿ ಸುಮಾರು 6,450. ತಿರುಗಿಸಿ ಹೇಳುವುದಾದರೆ, ‘ಬರೀ ಹತ್ತು’ ಅಂದ ಆ ಸಾಲದ ನಿಜವಾದ ದರ ವರ್ಷಕ್ಕೆ 18ರ ಹತ್ತಿರ. ಇದನ್ನು ಮಕ್ಕಳು ತಮ್ಮ ಕೈಯಾರೆ ಲೆಕ್ಕ ಹಾಕಿ ಕಂಡುಕೊಳ್ಳಬೇಕು. ನಾವು ಹೇಳಿದರೆ ಉಳಿಯುವುದಿಲ್ಲ.

ಆಮೇಲೆ ಊರಿನ ಬಡ್ಡಿಗೆ ಬನ್ನಿ. ‘ನೂರಕ್ಕೆ ಮೂರು ರೂಪಾಯಿ’ ಅಂದರೆ ತಿಂಗಳಿಗೆ ಮೂರು, ವರ್ಷಕ್ಕೆ 36. ಬ್ಯಾಂಕಿನವರು 12 ಅಂದರೆ ಅದು ವರ್ಷಕ್ಕೆ. ಮೂರು ಚಿಕ್ಕದು, ಹನ್ನೆರಡು ದೊಡ್ಡದು ಅಂದುಕೊಂಡ ದೊಡ್ಡವರೇ ಬೇಕಾದಷ್ಟು ಜನ ಇದ್ದಾರೆ. ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ನಮ್ಮ ರಾಜ್ಯದ ಎಷ್ಟು ಮನೆಗಳು ಹೈರಾಣಾದವು ಅಂತ ನಿಮಗೆ ಗೊತ್ತೇ ಇದೆ. ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಮನೆಗಳ ಮಕ್ಕಳು ನಮ್ಮ ತರಗತಿಯಲ್ಲೇ ಕೂತಿದ್ದಾರೆ, ಬಡ್ಡಿಯ ಲೆಕ್ಕ ಮಾಡುತ್ತಿದ್ದಾರೆ. ಮನೆಯ ಸಾಲದ ಕಾರ್ಡಿಗೂ ಕರಿಹಲಗೆಯ ಮೇಲಿನ ಲೆಕ್ಕಕ್ಕೂ ಸಂಬಂಧ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಇದು ನನಗೆ ಬಹಳ ಸಂಕಟದ ವಿಷಯ.

ಇನ್ನೊಂದು ಮಾತು ಇದೇ ಪಾಠದಲ್ಲಿ ಬರಲಿ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಸಾಮಾನ್ಯ ಜನರಿಗೆ ಸಾಲ ಕೊಡುವ ಮುಂಚೆ ಸಾಲದ ಮುಖ್ಯ ವಿವರಗಳ ಒಂದು ಪಟ್ಟಿ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಲ್ಲಾ ಖರ್ಚೂ ಸೇರಿಸಿದ ವಾರ್ಷಿಕ ದರ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಮಗಿದೆ. ಸಹಿ ಹಾಕುವ ಮುಂಚೆ ಆ ಕಾಗದ ಕೇಳು ಅಂತ ಮಕ್ಕಳಿಗೆ ಹೇಳಿಕೊಡಿ. ಠೇವಣಿಯ ಬಗ್ಗೆಯೂ ಒಂದು ಮಾತು: ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಹೊರಗಿನ ಬೋರ್ಡು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಚಲನ್ ವಿಷಯ ಸುಲಭ. ಬ್ಯಾಂಕಿನಿಂದ ಒಂದು ಕಟ್ಟು ಚಲನ್, ವಿತ್‌ಡ್ರಾಯಲ್ ಫಾರಂ ಕೇಳಿ ತಂದು ತುಂಬಿಸಿ. ಅದಕ್ಕಿಂತ ಒಳ್ಳೆಯದು, ಮಕ್ಕಳ ಹೆಸರಿನಲ್ಲೇ ಖಾತೆ ತೆರೆಸುವುದು. 10 ವರ್ಷ ತುಂಬಿದ ಮಗು ತನ್ನದೇ ಸಹಿಯಲ್ಲಿ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ. ಅಂಚೆ ಕಚೇರಿಯಲ್ಲೂ ಇದೆ. ಮಗಳ ಹೆಸರಿನಲ್ಲಿ ಒಂದು ಖಾತೆ ತೆರೆದು, ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು ಅವಳೇ ಕಟ್ಟಿ ಬರಲಿ. ಪಾಸ್‌ಬುಕ್ ಅವಳೇ ಎಂಟ್ರಿ ಮಾಡಿಸಲಿ. ಕೌಂಟರಿನ ಮುಂದೆ ನಿಂತು ಮಾತಾಡುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ.

ಫೋನಿನಲ್ಲಿ ದುಡ್ಡು ಕಳಿಸುವ ವಿಷಯಕ್ಕೆ ಮಕ್ಕಳಿಗೆ ದೊಡ್ಡ ಉಪನ್ಯಾಸ ಬೇಡ. ಒಂದೇ ನಿಯಮ ಸಾಕು: ದುಡ್ಡು ಬರುವುದಕ್ಕೆ ಪಿನ್ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಯಾರಾದರೂ ಫೋನ್ ಮಾಡಿ ಯುಪಿಐ ಪಿನ್ ಹಾಕು ಅಂದರೆ ದುಡ್ಡು ನಿನ್ನಿಂದ ಹೋಗುತ್ತಿದೆ ಅಂತಲೇ ಅರ್ಥ. ಆದರೆ ನಿಯಮ ಬಾಯಲ್ಲಿ ಬಂದರೆ ಸಾಲದು. ಕಳ್ಳರು ಪುರುಸೊತ್ತು ಕೊಡುವುದಿಲ್ಲ, ಅವಸರ ಮಾಡುತ್ತಾರೆ, ಹೆದರಿಸುತ್ತಾರೆ. ಅದಕ್ಕೆ ತರಗತಿಯಲ್ಲಿ ಆಡಿಸಿ ತೋರಿಸಿ. ಇಬ್ಬರು ಮಕ್ಕಳನ್ನು ನಿಲ್ಲಿಸಿ. ಒಬ್ಬಳು ಫೋನ್ ಮಾಡುವವಳು: ‘ಸ್ಕಾಲರ್‌ಶಿಪ್ ಕ್ಯಾನ್ಸಲ್ ಆಗ್ತದೆ, ಎರಡೇ ನಿಮಿಷ ಇದೆ.’ ಇನ್ನೊಬ್ಬಳು ‘ನಾನು ಮನೆಯಲ್ಲಿ ಕೇಳಿ ಆಮೇಲೆ ಮಾಡ್ತೀನಿ’ ಅಂತ ಫೋನ್ ಇಡಬೇಕು. ಕೇಳಲು ಸುಲಭ. ಆದರೆ ದೊಡ್ಡವರ ಮಾತಿಗೆ ಎದುರಾಡಬಾರದು ಅಂತ ಬೆಳೆದ ನಮ್ಮ ಮಕ್ಕಳಿಗೆ ಫೋನ್ ಕಟ್ ಮಾಡುವುದು ಬಹಳ ಕಷ್ಟ. ಒತ್ತಾಯ ಜಾಸ್ತಿ ಮಾಡಿದಷ್ಟೂ ತೊದಲುತ್ತಾರೆ. ‘ಡಿಜಿಟಲ್ ಅರೆಸ್ಟ್’ ಅನ್ನುವುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಪೊಲೀಸರು ವಿಡಿಯೋ ಕಾಲಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ ಅಂತಲೂ ಹೇಳಿ. ಇದನ್ನು ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಗೂ ಹೇಳಲಿ.

ಇನ್ನು ಕಾಗದಪತ್ರ. ನಿಮ್ಮ ಮಗಳ ವಯಸ್ಸಿನವರಿಗೆ ಇದು ತುರ್ತಾಗಿ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಬರೀ ಅಂಕದ ಪಟ್ಟಿ ಅಲ್ಲ. ಮುಂದೆ ಜೀವನಪೂರ್ತಿ ಹೆಸರಿಗೂ ಹುಟ್ಟಿದ ದಿನಾಂಕಕ್ಕೂ ಅದನ್ನೇ ಕೇಳುತ್ತಾರೆ. ನಮ್ಮ ಕಡೆ ಹೆಸರಿನ ಗೋಜಲು ನಿಮಗೆ ಗೊತ್ತು. ಶಾಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ ತಂದೆಯ ಪೂರ್ತಿ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ, ಒಂದು ಕಡಿಮೆ. ಆಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕಿದಾಗ ಹೆಸರು ಹೊಂದುವುದಿಲ್ಲ ಅಂತ ವಾಪಸ್ ಬರುತ್ತದೆ, ತಂದೆ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ. ಒಂದು ದಿನ ಎಲ್ಲಾ ಮಕ್ಕಳೂ ಆಧಾರ್, ಶಾಲಾ ದಾಖಲಾತಿ, ಬ್ಯಾಂಕ್ ಪಾಸ್‌ಬುಕ್, ಜಾತಿ-ಆದಾಯ ಪ್ರಮಾಣಪತ್ರ ಸಾಲಾಗಿ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಲಿ. ತಪ್ಪು ಸಿಕ್ಕರೆ ಹತ್ತನೇ ತರಗತಿ ಪರೀಕ್ಷೆಗೆ ಮಕ್ಕಳ ವಿವರ ಕಳಿಸುವ ಮುಂಚೆಯೇ ಸರಿಪಡಿಸಬೇಕು. ಆಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. 15 ವರ್ಷ ತುಂಬಿದವರು ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. 17 ತುಂಬುವುದರೊಳಗೆ ಹೋದರೆ ಅದಕ್ಕೆ ದುಡ್ಡಿಲ್ಲ.

ಪತ್ರಲೇಖನ ಕನ್ನಡ ಪರೀಕ್ಷೆಯಲ್ಲಿ ಇದ್ದೇ ಇದೆ. ‘ನಿಮ್ಮೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಕೋರಿ ಪತ್ರ ಬರೆಯಿರಿ’ ಅಂತ ಪ್ರಶ್ನೆ. ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಆ ಪತ್ರ ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ. ಈ ಸಲ ಅದನ್ನು ನಿಜವಾಗಿ ಬರೆಸಿ. ಶಾಲೆಯ ಮುಂದಿನ ಚರಂಡಿಯೋ, ಕೆಟ್ಟ ಬೀದಿದೀಪವೋ, ಬಸ್ ನಿಲ್ಲಿಸದ ವಿಷಯವೋ ಯಾವುದಾದರೂ ಒಂದು. ಎರಡು ಪ್ರತಿ ಬರೆಯಬೇಕು. ಒಂದನ್ನು ಪಂಚಾಯಿತಿಯ ಪಿಡಿಒ ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬರಬೇಕು. ಸ್ವೀಕೃತಿ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ ಅನ್ನುವುದು ಆಗ ಮನಸ್ಸಿಗೆ ಹೋಗುತ್ತದೆ. ಹತ್ತನೇ ತರಗತಿಯವರಿಗೆ ಸಕಾಲದ ಬಗ್ಗೆ ಹೇಳಬಹುದು. 2011ರ ಆ ಕಾಯ್ದೆ ಪ್ರಕಾರ ಅದರ ಪಟ್ಟಿಯಲ್ಲಿರುವ ಪ್ರತಿ ಸರ್ಕಾರಿ ಸೇವೆಗೂ ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಅನ್ನುವ ನಿಯಮವೂ ಇಲ್ಲಿದೆ. ಅಷ್ಟರಲ್ಲಿ ಬೇಕಾದ್ದನ್ನು ಸ್ಪಷ್ಟವಾಗಿ ಕೇಳುವುದಕ್ಕಿಂತ ಒಳ್ಳೆಯ ಭಾಷಾಭ್ಯಾಸ ಯಾವುದಿದೆ, ಹೇಳಿ?

ವಿದ್ಯುತ್ ಪಾಠಕ್ಕೆ ಹೆಸ್ಕಾಂ ಬಿಲ್ ತರಿಸಿದರೆ ಆಯ್ತು. ಈಗಿನ ರೀಡಿಂಗಿನಿಂದ ಹಿಂದಿನದು ಕಳೆದರೆ ಯೂನಿಟ್. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಗೃಹಜ್ಯೋತಿ ಇರುವ ಮನೆಯಲ್ಲೂ ಬಿಲ್ ಓದಲು ಬರಬೇಕು, ಯಾಕೆಂದರೆ ಮನೆಗೆ ನಿಗದಿ ಮಾಡಿದ ಯೂನಿಟ್ ಮೀರಿದರೆ ದುಡ್ಡು ಕಟ್ಟಬೇಕಾಗುತ್ತದೆ. ಮೇನ್ ಸ್ವಿಚ್ ಎಲ್ಲಿದೆ ಅಂತ ಪ್ರತಿ ಮಗುವಿಗೂ ಗೊತ್ತಿರಲಿ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಅದನ್ನು ಆಫ್ ಮಾಡಬೇಕು, ಮುಟ್ಟಲು ಓಡಬಾರದು.

ಪ್ರಥಮ ಚಿಕಿತ್ಸೆಗೆ ಮಾತ್ರ ಸ್ವಲ್ಪ ಹೆಚ್ಚು ಸಮಯ ಕೊಡಿ. ಇಲ್ಲಿ ಗೊತ್ತಿಲ್ಲದಿರುವುದಕ್ಕಿಂತ ತಪ್ಪಾಗಿ ಗೊತ್ತಿರುವುದು ದೊಡ್ಡ ಅಪಾಯ. ನಿಮ್ಮದು ಹೊಲಗದ್ದೆ ಇರುವ ಜಿಲ್ಲೆ, ಹಾವಿನಿಂದಲೇ ಶುರು ಮಾಡೋಣ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಹೀಗಿದ್ದೂ ಹಾವು ಕಚ್ಚಿದರೆ ಇವತ್ತಿಗೂ ಹಗ್ಗ ಬಿಗಿದು ಕಟ್ಟುತ್ತಾರೆ, ಬ್ಲೇಡಿನಿಂದ ಕೊಯ್ಯುತ್ತಾರೆ, ಮಂತ್ರ ಹಾಕಿಸಲು ಹೋಗುತ್ತಾರೆ. ಮೂರೂ ತಪ್ಪು. ಬಿಗಿದು ಕಟ್ಟಿದರೆ ರಕ್ತ ನಿಂತು ಕೈಕಾಲೇ ಹೋಗಬಹುದು. ಕಚ್ಚಿಸಿಕೊಂಡವರನ್ನು ನಡೆಸಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಬೇಕು, ಊತ ಬರುತ್ತದೆ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದ ಹಾಗೆ ಒಂದು ಕೋಲಿಗೆ ಸಡಿಲವಾಗಿ ಕಟ್ಟಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವಿಷಕ್ಕೆ ಔಷಧ ಇರುವುದು ಆಸ್ಪತ್ರೆಯಲ್ಲಿ ಮಾತ್ರ. ಹಾವು ಹಿಡಿಯಲು, ಹೊಡೆಯಲು ಹೋಗಿ ಹೊತ್ತು ಕಳೆಯಬಾರದು.

ಸುಟ್ಟ ಗಾಯಕ್ಕೆ ಪೇಸ್ಟ್ ಬೇಡ, ಇಂಕು ಬೇಡ, ಐಸೂ ಬೇಡ. 20 ನಿಮಿಷ ಹರಿಯುವ ತಣ್ಣೀರು ಸಾಕು. 20 ನಿಮಿಷ ಅನ್ನುವುದು ಎಷ್ಟು ದೀರ್ಘ ಅಂತ ಗಡಿಯಾರ ಹಿಡಿದು ನಲ್ಲಿ ಕೆಳಗೆ ಕೈಯಿಟ್ಟರೆ ಮಾತ್ರ ಗೊತ್ತಾಗುತ್ತದೆ, ಹೆಚ್ಚಿನವರು ಎರಡು ನಿಮಿಷಕ್ಕೆ ಕೈ ತೆಗೆದುಬಿಡುತ್ತಾರೆ. ಹೃದಯ ನಿಂತವರಿಗೆ ಎದೆ ಒತ್ತುವ ಸಿಪಿಆರ್ ಕೂಡ ಹಾಗೇ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ನರ್ಸ್ ಅವರನ್ನೋ ಕರೆಸಿ ಬೊಂಬೆಯ ಮೇಲೆ ಮಾಡಿಸಿ. ರಸ್ತೆಯಲ್ಲಿ ಅಪಘಾತ ಆದಾಗ ಸಹಾಯ ಮಾಡಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ, ಕಾನೂನು ಅವರ ಪರವಾಗಿದೆ. ಇದು ಗೊತ್ತಿಲ್ಲದೆ ಜನ ಸುಮ್ನೆ ನಿಂತು ನೋಡುತ್ತಾರೆ.

ಅಡುಗೆ, ಬಟ್ಟೆ, ಗುಂಡಿ ಹೊಲಿಯುವುದು ಶಾಲೆ ಕಲಿಸಬೇಕಾ ಅಂತ ಕೆಲವರು ಕೇಳುತ್ತಾರೆ. ಮನೆಯಲ್ಲಿ ಹುಡುಗಿಯರಿಗೆ ಮಾತ್ರ ಕಲಿಸುವವರೆಗೆ ಶಾಲೆ ಕಲಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಮಗ ನಾಳೆ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ರೂಮ್ ಮಾಡುತ್ತಾನೆ. ಅನ್ನ, ಸಾರು, ಒಂದು ಪಲ್ಯ ಬಂದರೆ ಅವನ ಆರೋಗ್ಯವೂ ಉಳಿಯುತ್ತದೆ, ದುಡ್ಡೂ ಉಳಿಯುತ್ತದೆ. ಮಗಳಿಗೂ ಇದೇ ಮಾತು ಬೇರೆ ದಿಕ್ಕಿನಿಂದ: ಸೈಕಲ್ ಪಂಕ್ಚರ್, ಬಲ್ಬ್ ಹೋಲ್ಡರ್, ಬ್ಯಾಂಕ್ ಕೆಲಸ ಅಣ್ಣನಿಗೆ ಬಿಡಬಾರದು.

ಸಮಯ ಎಲ್ಲಿಂದ ತರುವುದು ಅಂದಿರಿ. ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡುತ್ತಾರಲ್ವಾ? ಈಗ ಅದು ಹೆಚ್ಚಾಗಿ ಫೋಟೋ ತೆಗೆಯುವ ಕಾರ್ಯಕ್ರಮ ಆಗಿದೆ. ಅಪ್ಪ ಅಮ್ಮ ತಂದುಕೊಟ್ಟ ತರಕಾರಿ ಮಾರಿ ಬಂದದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ. ಅದರ ಬದಲು ಪ್ರತಿ ಗುಂಪಿಗೂ 200 ರೂಪಾಯಿ ಸಾಲ ಕೊಡಿ, ವಾಪಸ್ ಕೊಡಬೇಕು. ಕೊಂಡ ಬೆಲೆ, ಆಟೋ ಖರ್ಚು, ಕೊಳೆತು ಹೋದದ್ದು ಎಲ್ಲಾ ಬರೆಯಬೇಕು. ನಷ್ಟ ಆದರೂ ಪರವಾಗಿಲ್ಲ, ಎಲ್ಲಿ ಆಯ್ತು ಅಂತ ಹೇಳಲು ಬರಬೇಕು. ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆ ಇನ್ನೊಂದು ಅವಕಾಶ. ಬರೆದ ಆ ಪತ್ರ ಅಲ್ಲಿ ಓದಿಸಿ, ಹಿಂದಿನ ಸಭೆಯ ಕೆಲಸ ಏನಾಯ್ತು ಅಂತ ಮಕ್ಕಳೇ ಕೇಳಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕಲಿಯುವ ವ್ಯವಸ್ಥೆ ಹೇಳಿದೆ. ಆ ವಿಚಾರ ಒಳ್ಳೆಯದು. ಯಾರು ಹೇಳಿದರು ಅನ್ನುವುದನ್ನು ಬಿಟ್ಟು ನಿಮ್ಮ ಶಾಲೆ ತನ್ನ ಮಟ್ಟಿಗೆ ನಾಲ್ಕು ಶನಿವಾರ ಮಾಡಿದರೂ ಆಯ್ತು.

ಒಂದು ಎಚ್ಚರ ಇರಲಿ. ಯಾವುದಕ್ಕೂ ಅಂಕ ಇಡಬೇಡಿ ಅಂತ ಕೇಳಿಕೊಳ್ಳಿ. ಅಂಕ ಬಂದ ಕೂಡಲೇ ಅಂಗಡಿಯಿಂದ ರೆಡಿ ಮಾಡಿಸಿಕೊಂಡು ಬರುತ್ತಾರೆ, ಪ್ರಾಜೆಕ್ಟ್ ಹೆಸರಿನಲ್ಲಿ ಆಗುತ್ತಿರುವುದು ಅದೇ. ‘ಮಾಡಿದ್ದಾಳೆ, ಇನ್ನೂ ಮಾಡಿಲ್ಲ’ ಅಂತ ಒಂದು ಗುರುತು ಸಾಕು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದೆಲ್ಲವನ್ನೂ ಒಟ್ಟಿಗೆ ಇಡಬೇಡಿ, ಶಿಕ್ಷಕರು ಗಾಬರಿ ಆಗುತ್ತಾರೆ. ಬಡ್ಡಿಯ ಪಾಠ ಒಂದನ್ನೇ ಕೇಳಿ. ಅದು ಯಾವ ತಿಂಗಳು ಬರುತ್ತದೆ ಅಂತ ಗಣಿತದ ಮೇಷ್ಟ್ರನ್ನು ವಿಚಾರಿಸಿ. ಅಷ್ಟರೊಳಗೆ ನೀವು ಊರಿನಲ್ಲಿ ನಾಲ್ಕೈದು ಸಾಲದ ಕಾಗದ ಹೊಂದಿಸಿ: ಒಂದು ಗಾಡಿ ಸಾಲ, ಒಂದು ಸಂಘದ ಸಾಲದ ಕಾರ್ಡು, ಒಂದು ಚಿನ್ನದ ಸಾಲದ ರಸೀದಿ, ಒಂದು ಬೆಳೆ ಸಾಲ. ಕೊಡುವವರ ಒಪ್ಪಿಗೆ ಕೇಳಿ, ಹೆಸರು, ಖಾತೆ ನಂಬರ್, ಫೋನ್ ನಂಬರ್ ಮೇಲೆ ಬಿಳಿ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿ. ನಾಲ್ಕು ಮಕ್ಕಳಿಗೆ ಒಂದರಂತೆ ಪ್ರತಿ ಬೇಕಾಗುತ್ತದೆ.